ಎದ್ದವರೂ ಬಂದು ಕೂತ ಭಾಷಣ

ಹೋದ ವರ್ಷ ಭಜನೆ ಮಂದಿರದಲ್ಲಿ ಮರಿಸಿದ್ದಪ್ಪನವರು ಅಧ್ಯಕ್ಷ ಭಾಷಣಕ್ಕೆ ನಿಂತದ್ದೇ ತಡ, ಸಭೆ ಒಬ್ಬೊಬ್ಬರಾಗಿ ಜಾರಿಕೊಂಡಿತ್ತು. ಈ ಸಲವೂ ಹಾಗೇ ಆದರೆ ಅಧ್ಯಕ್ಷಗಿರಿ ಬಿಟ್ಟು ಮನೆಯಲ್ಲಿ ಕೂರುವುದೇ ಗತಿ ಎಂದು ಅವರು ವಾರದಿಂದ ಸರಿಯಾಗಿ ಉಂಡಿರಲಿಲ್ಲ.

ಆದರೆ ಇವತ್ತಿನ ಕಥೆಯೇ ಬೇರೆ. ಮಾತು ಎಷ್ಟು ಉದ್ದವಾದರೂ ಸಭೆ ಕರಗಲಿಲ್ಲ. ಎದ್ದು ಬಾಗಿಲಾಚೆ ಹೋದವರೂ ತಿರುಗಿ ಬಂದು ಕೂತರು. ಕೈಮುಗಿದು ಮುಗಿಸಿದ ಮೇಲೂ ಯಾರೂ ಮನೆಗೆ ಹೊರಡಲಿಲ್ಲ.

ವೇದಿಕೆಯಿಂದ ಇಳಿದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದರು: "ಮಾತು ಎದೆಯಿಂದ ಬಂದ್ರೆ ಹಿಂಗೇ ಕಣೇ. ಪಾಪ, ಇನ್ನೂ ಕಾಯ್ತಾವ್ರೆ. ಇನ್ನೊಂದು ಅರ್ಧ ಗಂಟೆ ಮಾತಾಡ್ಲಾ?"

"ಸಾಕು ಸುಮ್ನಿರಿ," ಎಂದು ಗೌರಮ್ಮ ಸೆರಗಿನ ಗಂಟಿನಿಂದ ಬೀಗದ ಕೈ ಬಿಚ್ಚಿ ಕೊಟ್ಟರು. "ಹೋಗಿ ಉಗ್ರಾಣದ ಬಾಗ್ಲು ತೆಗೀರಿ. ಎಲ್ಲಾರ ಚಪ್ಲೀನೂ ಅದ್ರೊಳಗವೆ."