ಬೋಣಿಯ ಹಲ್ಲು

ತಿಮ್ಮರಾಯಪ್ಪ ಕುರ್ಚಿಯಲ್ಲಿ ಒರಗಿ, ಬಲಗಡೆಯ ದವಡೆ ಹಲ್ಲು ತೋರಿಸಿದ. "ಇದನ್ನ ಕಿತ್ತಾಕು. ಪ್ರಾಣ ತಿಂತೈತೆ."

"ನಿನ್ನೆ ಎಡಗಡೆ ಅಂದಿದ್ಯಲ್ಲಪ್ಪಾ," ಎಂದಳು ಮಗಳು ವನಜಾಕ್ಷಿ.

ಬಿ.ಡಿ.ಎಸ್. ಮುಗಿಸಿ, ಕತ್ರಿಗುಪ್ಪೆಯ ಮನೆಯ ಮುಂದಿನ ಕೋಣೆಯಲ್ಲಿ ಅವಳು ಕ್ಲಿನಿಕ್ ತೆರೆದು ಎರಡು ತಿಂಗಳಾಗಿತ್ತು. ಒಬ್ಬ ರೋಗಿಯೂ ಬಂದಿರಲಿಲ್ಲ. ಬೀದರಿನ ಸರ್ಕಾರಿ ಕೆಲಸಕ್ಕೆ ಇವತ್ತೇ ಒಪ್ಪಿಗೆ ಕಳಿಸಬೇಕಿತ್ತು.

ಬಾಯೊಳಗೆ ನೋಡುವ ಪುಟ್ಟ ಕನ್ನಡಿಯ ಹಿಡಿಯಿಂದ ಹಲ್ಲನ್ನು ತಟ್ಟಿದಳು. ಅವನು ಅಲುಗಲಿಲ್ಲ.

"ಇದಕ್ಕೇನೂ ಆಗಿಲ್ಲ."

"ಗೊತ್ತು ಕಣವ್ವ. ಒಂದು ಬೋಣಿ ಆದ್ರೆ ಜನ ತಾವೇ ಬತ್ತಾರೆ. ಬೀದರ್‌ಗೆಲ್ಲಾ ಯಾಕೋಗ್ತೀಯ? ಕೀಳು." ಅವನು ಕಣ್ಣು ಮುಚ್ಚಿ ಬಾಯಿ ತೆರೆದ.

ವನಜಾಕ್ಷಿ ಕೈಗೆತ್ತಿಕೊಂಡ ಇಕ್ಕಳವನ್ನು ಮತ್ತೆ ತಟ್ಟೆಯಲ್ಲಿಟ್ಟಳು. ಕೈ ತೊಳೆದು, ಮೇಜಿನ ಮೇಲಿದ್ದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು. ಅವನ ಬಾಯಿ ಇನ್ನೂ ತೆರೆದೇ ಇತ್ತು.