ಅಳು ನಿಲ್ಲುವ ತನಕ

ಹೆತ್ತವಳ ತೋಳಿಗೆ ಬಂದ ಕೂಡಲೇ ಮಗು ಕಿಟಾರನೆ ಕಿರುಚಿಕೊಂಡಿತು. ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಎರಡೂ ಕೈ ಚಾಚಿ, ಗೋಡೆಯ ಪಕ್ಕ ಕುಳಿತಿದ್ದ ಸಾಕಿದವಳ ಕಡೆಗೇ ಹೊರಳಿತು. ಸಾಕಿದವಳು ಏಳಲಿಲ್ಲ. ಬಟ್ಟೆ ಹೊಲಿದು ಹೊಲಿದು ಒರಟಾದ ಬೆರಳುಗಳನ್ನು ಮಡಿಲಲ್ಲಿ ಹೆಣೆದುಕೊಂಡು ಕುಳಿತೇ ಇದ್ದಳು.

ಮಕ್ಕಳ ಕಚೇರಿಯ ಆ ಸಣ್ಣ ಕೋಣೆಯಲ್ಲಿ ಒಂದು ನಿಯಮವಿತ್ತು. ಕೋರ್ಟು ಯಾರಿಗೇ ಕೊಡಲಿ, ಅಳುವ ಮಗುವನ್ನು ಬಾಗಿಲು ದಾಟಿಸುವಂತಿಲ್ಲ. ಹೊಸ ಮಡಿಲಲ್ಲಿ ಅದು ಸಮಾಧಾನವಾಗಬೇಕು. ಕಚೇರಿ ಮುಚ್ಚುವುದರೊಳಗೆ ಆಗದಿದ್ದರೆ ಹಳೆಯ ಮನೆಗೇ ವಾಪಸ್ಸು. ಮರುದಿನ ಮತ್ತೆ ಬರಬೇಕು. ಕೋಣೆಯಲ್ಲಿರುವಷ್ಟು ಹೊತ್ತು ಸಾಕಿದವಳು ಮಗುವನ್ನು ಮುಟ್ಟುವ ಹಾಗಿಲ್ಲ.

"ಇವತ್ತೊಂದು ದಿನ ಹೇಗಾದ್ರೂ ದಾಟಿಸಿಬಿಡಿ ಅಮ್ಮಾ," ಎಂದು ಸಾಕಿದವಳ ವಕೀಲರು ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದರು. "ಬೇರೆ ದೇಶದ ಕೋರ್ಟೊಂದು ಹೋದ ತಿಂಗಳು ತಾನೇ ಸಾಕಿದ ತಾಯಿ ಪರವಾಗಿ ತೀರ್ಪು ಕೊಟ್ಟಿದೆ. ಅದನ್ನ ಮೇಲಿನ ಕೋರ್ಟಿನ ಮುಂದೆ ಇಟ್ಟಿದ್ದೀನಿ. ನಾಳೆ ತಡೆಯಾಜ್ಞೆ ಸಿಗುತ್ತೆ. ಆದ್ರೆ ಮಗು ನಿಮ್ಮ ಹತ್ರಾನೇ ಇರ್ಬೇಕು. ಕೈದಾಟಿದ ಮೇಲೆ ನಾನೂ ಏನೂ ಮಾಡಕ್ಕಾಗಲ್ಲ."

ಫೋನಿಟ್ಟವಳೇ ಕೈಮುಗಿದು ಅವಳು ಬೇಡಿಕೊಂಡಿದ್ದು ಇಷ್ಟೇ: ಇವತ್ತೊಂದು ದಿನ ಇದು ಅಳಲಿ, ತಂದೇ.

ದೇವರು ಕೇಳಿಸಿಕೊಂಡಿದ್ದ.

"ನೋಡಿಲ್ಲಿ ಗುಬ್ಬೀ, ಕುದುರೆ!" ಅಧಿಕಾರಿ ಮರದ ಕುದುರೆಯನ್ನು ಕುಣಿಸಿದಳು. ಮಗು ಒದ್ದ ರಭಸಕ್ಕೆ ಅದು ಮೇಜಿನಡಿ ಸೇರಿತು. "ಈ ಆಫೀಸಲ್ಲಿ ನನಗಿಂತ ಜಾಸ್ತಿ ಒದೆ ತಿಂದಿರೋದು ಇದೊಂದೇ," ಎಂದು ನಗಿಸಲು ನೋಡಿದಳು. ಯಾರೂ ನಗಲಿಲ್ಲ.

ಹೆತ್ತವಳು ಬೆವೆತುಹೋಗಿದ್ದಳು. ಹೆರಿಗೆಯಾದೊಡನೆ ಕಾಯಿಲೆ ಬಿದ್ದು, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಮತ್ತೆ ಮನುಷ್ಯಳಾಗಿ ಎದ್ದು ಬರುವಷ್ಟರಲ್ಲಿ ಮಗುವಿಗೆ ಮೂರು ವರ್ಷ ತುಂಬಿತ್ತು. ಇವತ್ತಿಗೆಂದೇ ಹೊಸ ಬಟ್ಟೆ ಉಟ್ಟು, ಕಿವಿಗೆ ಜೋಲಾಡುವ ಓಲೆ ಹಾಕಿಕೊಂಡು ಬಂದಿದ್ದಳು. ಮಗು ಬಿಕ್ಕುತ್ತ ಆ ಕಿವಿಗೆ ಕೈಹಾಕುತ್ತಿತ್ತು. ತಣ್ಣನೆಯ ಓಲೆ ತಾಗಿದೊಡನೆ ಬೆಚ್ಚಿ ಕೈ ಹಿಂದೆಳೆದುಕೊಂಡು ಇನ್ನೂ ಜೋರಾಗಿ ಅಳುತ್ತಿತ್ತು. ಮತ್ತೆ ತಡಕುವುದು, ಮತ್ತೆ ಅಳುವುದು. ಅದು ಏನನ್ನು ಹುಡುಕುತ್ತಿದೆ ಎಂದು ಆ ಕೋಣೆಯಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು.

"ಅಕ್ಕಾ, ನೀವು ಹೇಗೆ ಸಮಾಧಾನ ಮಾಡ್ತಿದ್ರಿ? ನಿಮ್ಮ ಕಾಲಿಗೆ ಬೀಳ್ತೀನಿ, ಹೇಳಿ."

"ಕೋರ್ಟಲ್ಲಿ ಗೆದ್ದೋಳು ನೀನು. ಅವರನ್ನೇ ಕೇಳು."

ಮಗು ಕಕ್ಕಿಕೊಂಡಿತು. ಆಮೇಲೆ ದನಿಯೇ ಹೊರಡಲಿಲ್ಲ. ಬಾಯಿ ಮಾತ್ರ ತೆರೆದೇ ಇತ್ತು, ತುಟಿ ಕಪ್ಪಿಡುತ್ತಿತ್ತು.

"ಮೇಡಂ, ಸಾಕು ಮಾಡಿ," ಸಾಕಿದವಳು ಎದ್ದು ನಿಂತಳು.

"ಮುಚ್ಚೋದಕ್ಕೆ ಇನ್ನೂ ಅರ್ಧ ಗಂಟೆ ಇದೆ ಅಮ್ಮಾ. ಅಲ್ಲೀವರೆಗೆ ನಾನು ನೋಡಲೇಬೇಕು."

ಅರ್ಧ ಗಂಟೆ ಕಳೆದರೆ ಮಗು ತನ್ನದು. ಬಹುಶಃ ಎಂದೆಂದಿಗೂ. ಅವಳು ಕಣ್ಣು ಮುಚ್ಚಿದಳು. ಕಣ್ಣು ಮುಚ್ಚಿದರೆ ಆ ಎಳೆತದ ಉಸಿರು ಇನ್ನೂ ಹತ್ತಿರ ಕೇಳಿಸಿತು.

"ಓಲೆ ಬಿಚ್ಚೇ!" ಅವಳು ಕೂಗಿಕೊಂಡಳು. "ಎರಡೂ ಬಿಚ್ಚು! ಅದಕ್ಕೆ ಬರೀ ಕಿವಿ ಹಾಲೆ ಬೇಕು. ಹಿಡ್ಕೊಂಡೇ ಮಲಗೋದು ಅದು."

ಹೆತ್ತವಳು ಓಲೆ ಕಳಚಿ ಮೇಜಿನ ಮೇಲೆ ಹಾಕಿದಳು. ಪುಟ್ಟ ಬೆರಳುಗಳು ಬರಿಗಿವಿಯನ್ನು ಕಂಡುಕೊಂಡವು, ಹಿಸುಕಿದವು. ಬಿಕ್ಕು ನಿಧಾನವಾಯಿತು. ರೆಪ್ಪೆ ಕೂಡಿತು.

ಅಧಿಕಾರಿ ಸದ್ದಾಗದಂತೆ ಬಾಗಿಲು ತೆರೆದಳು. ಹೊಸ್ತಿಲಲ್ಲಿ ಹೆತ್ತವಳು ತಿರುಗಿ ನಿಂತಳು. "ಅಕ್ಕಾ, ನಾನು..."

"ಮಾತಾಡ್ಬೇಡ, ಎದ್ದುಬಿಡುತ್ತೆ. ಹೋಗು."

ಹೊರಗೆ ಕಾರು ಹೊರಟ ಸದ್ದಾಯಿತು. ಮೇಜಿನ ಮೇಲೆ ಓಲೆಗಳು ಹಾಗೇ ಬಿದ್ದಿದ್ದವು. "ಅಯ್ಯೋ, ಮರೆತೇ ಹೋದರಲ್ಲ! ಓಡಿಹೋಗಿ ಕೊಟ್ಟು ಬರ್ತೀನಿ," ಎಂದಳು ಅಧಿಕಾರಿ.

"ಬೇಡ ಬಿಡಿ ಮೇಡಂ, ಇನ್ನು ಅವಳಿಗೆ ಅವು ಬೇಕಾಗಲ್ಲ," ಎನ್ನುತ್ತ ಸಾಕಿದವಳು ತನ್ನ ಕಿವಿ ಮುಟ್ಟಿಕೊಂಡಳು. ಅಲ್ಲಿ ತೂತು ಎಂದೋ ಮುಚ್ಚಿಹೋಗಿತ್ತು.