ಪರದೆಯ ಮೇಲಿನ ಕುಸ್ತಿ

ವ್ಯಾಜ್ಯಗಳನ್ನೆಲ್ಲ ಆನ್‌ಲೈನ್ ಕುಸ್ತಿ ಆಟದಲ್ಲೇ ತೀರ್ಮಾನಿಸಲು ಕೋರ್ಟು ಶುರುಮಾಡಿದ ಮೇಲೆ ವಕೀಲೆ ಶಾಂಭವಿ ನಾಡಗೌಡಳಿಗೆ ವಾದಿಸುವ ಕೆಲಸ ಉಳಿದಿರಲಿಲ್ಲ. ಕಕ್ಷಿದಾರರ ಪರವಾಗಿ ಲ್ಯಾಪ್‌ಟಾಪಿನಲ್ಲಿ ಆಡುತ್ತಿದ್ದಳು. ಆಡಿ ಆಡಿ ಬೆರಳು ಸೋತಿದ್ದವು.

ಅಂದಿನದು ಧಾರವಾಡದ ಮನೆಯೊಂದರ ವ್ಯಾಜ್ಯ. ಅವಳು ಮನೆಯ ಮಾಲೀಕರ ಪರ. ಎದುರಾಳಿ ಅಲ್ಲಿ ಬಾಡಿಗೆಗಿದ್ದ ದರ್ಜಿ ಹಜರೇಸಾಬ. ವಕೀಲರು ಸಿಗದೆ ತಾನೇ ಆಡಲು ಕೂತಿದ್ದ. ಸೋತರೆ ಇವತ್ತೇ ಮನೆ ಬಿಡಬೇಕು.

ಕುಸ್ತಿ ಬಿಗಿಯಾಗುವಷ್ಟರಲ್ಲಿ ಶಾಂಭವಿಯ ಪೈಲ್ವಾನ ಕಲ್ಲಿನಂತೆ ನಿಂತುಬಿಟ್ಟ. ಕ್ಷಣ ಬಿಟ್ಟು ಚಲಿಸಿದ, ಮತ್ತೆ ನಿಂತ. ಹಲವು ದಿನಗಳಿಂದ ಇದೇ ಗೋಳು. ಹೊಸ ರೂಟರ್ ತಂದು ಅದರ ಪಕ್ಕದಲ್ಲೇ ಕೂತರೂ ವೈಫೈ ಆಗಾಗ ನಿಲ್ಲುತ್ತಿತ್ತು. ಇನ್ನೇನು ಎದುರಾಳಿ ಕೆಡವುತ್ತಾನೆಂದು ಅವಳು ಕೈಚೆಲ್ಲಿದಳು.

ಹಜರೇಸಾಬನ ಪೈಲ್ವಾನ ಹಿಂದೆ ಸರಿದು ನಿಂತ.

“ಯಾಕ್ರೀ, ಹಿಡೀಲಿಲ್ಲಲ್ಲ?” ಎಂದು ಶಾಂಭವಿ ಮೈಕಿನಲ್ಲಿ ಕೇಳಿದಳು.

“ಅಳ್ಳಾಡದವನನ್ನ ಹೆಂಗ ಕೆಡವೂದ್ರಿ ಅಕ್ಕಾರ? ನನ್ನ ಲ್ಯಾಪ್‌ಟಾಪಿಗೂ ಹಿಂಗ ಆಗತಿತ್ತು. ಲೊಕೇಶನ್ ಬಂದ್ ಮಾಡ್ರಿ. ಅದು ಚಾಲೂ ಇದ್ರ ಸುತ್ತಲಿನ ವೈಫೈ ಹುಡುಕ್ಕೋತ ಇರತೈತಿ, ಅದಕ್ಕ ಆಟ ನಿಂತು ನಿಂತು ಹೋಗತೈತಿ.”

ಅವಳು ಬಂದ್ ಮಾಡಿದಳು. ಪೈಲ್ವಾನ ನೀರಿನಂತೆ ಸರಾಗವಾಗಿ ಚಲಿಸತೊಡಗಿದ.

“ಈಗ ಬರೋಬ್ಬರಿ ಆತೇನ್ರಿ?”

“ಆತ್ರಿ,” ಎಂದಳು ಶಾಂಭವಿ. ಆಮೇಲೆ ಅವಳ ಕೈ ರೂಢಿಯ ಪಟ್ಟು ಹಾಕಿತು. ಹಜರೇಸಾಬನ ಪೈಲ್ವಾನ ಅಂಗಾತ ಬಿದ್ದ. ಅವನು ಮನೆ ಬಿಡಬೇಕೆಂದು ತೀರ್ಪು ಬಂತು.

“ಚಲೋ ಆಡಿದ್ರಿ ಅಕ್ಕಾರ,” ಎಂದ ಅವನು. ನಂತರ ಹೆಂಡತಿಗೆ ಮೆಲ್ಲಗೆ, “ಮೊದಲ ಹೊಲಿಗಿ ಮಷೀನ್ ಹೊರಗ ಇಡೂಣು, ಬಾ,” ಎಂದದ್ದು ಕೇಳಿಸಿತು.

ಶಾಂಭವಿ ಮುಂದಿನ ಕುಸ್ತಿಗೆ ಗುಂಡಿ ಒತ್ತದೆ ಕೂತೇ ಇದ್ದಳು.